ಮೂವತ್ನಾಲ್ಕನೇ ನಂಬರಿನ ಬೂಟು

“ಮೂವತ್ನಾಲ್ಕನೇ ಬಿಲ್ಲೆ ತಿರುಗಿಸಿದ್ದು ಯಾರು?”

ಕ್ಯಾಪ್ಟನ್ನು ಕೇಳಿದ್ದು ಇಂಗ್ಲಿಷಿನಲ್ಲಿ. ಮಗಳು ನಯನ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಊಟದ ಹಾಲಿನಲ್ಲಿದ್ದವರ ಕಣ್ಣೆಲ್ಲ ಚಲುವಮ್ಮನ ಮೇಲೆ ಬಿತ್ತು.

ಇನ್ಯಾರ ಮೇಲೆ ಬೀಳಬೇಕು ಹೇಳಿ? ಈ ಹಡಗು ಹತ್ತಿದ ದಿನದಿಂದ ಆ ಬಿಲ್ಲೆಗಳ ಯಜಮಾನಿಕೆ ಅವಳದೇ.

ಹಡಗೇನು ದೊಡ್ಡದಲ್ಲ. ಐಸ್‌ಲ್ಯಾಂಡ್ ದ್ವೀಪಕ್ಕೆ ಒಂದು ಸುತ್ತು ಹಾಕಿಸಿ ತೋರಿಸುವ, ಅರವತ್ತು ಜನ ಹಿಡಿಯುವ ಪುಟ್ಟ ಹಡಗು. ದಿನಕ್ಕೊಂದು ಕಡೆ ನಿಲ್ಲಿಸಿ ರಬ್ಬರು ದೋಣಿಯಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ. ಏಣಿಯ ಪಕ್ಕ ಒಂದು ಹಲಗೆ, ಅದರಲ್ಲಿ ಒಬ್ಬೊಬ್ಬರಿಗೂ ಒಂದು ನಂಬರಿನ ಬಿಲ್ಲೆ. ದಡಕ್ಕೆ ಹೋಗುವಾಗ ಕೆಂಪು ಮುಖ ಮೇಲೆ ಮಾಡಬೇಕು, ವಾಪಸು ಬಂದಾಗ ಬಿಳಿ ಮುಖ. ಹಲಗೆಯೆಲ್ಲ ಬೆಳ್ಳಗಾದರೆ ಎಲ್ಲರೂ ಬಂದರು ಅಂತ ಲೆಕ್ಕ, ಹಡಗು ಹೊರಡುತ್ತೆ. ಅವರವರ ಬಿಲ್ಲೆ ಅವರವರೇ ತಿರುಗಿಸಿ ಅಂತ ಮೊದಲ ದಿನವೇ ಕೂಗಿ ಹೇಳಿದ್ದರು.

ಚಲುವಮ್ಮನಿಗೆ ಅದು ಸರಿ ಕಾಣಲಿಲ್ಲ. “ಒಂದ್ ಮನೆಯೋರು ಬಸ್ಸತ್ತಿದ್ರೆ ಆರ್ ಜನಾನೂ ಎದ್ದೋಗಿ ಟಿಕೇಟು ತಗಂತಾರಾ? ಒಬ್ರು ತಗಂಡ್ರೆ ಆಗಕಿಲ್ವಾ?” ಅಂತ ಆರು ಬಿಲ್ಲೆಯನ್ನೂ ತಾನೇ ತಿರುಗಿಸಿದಳು. ಏಣಿಯ ಹತ್ತಿರ ನಿಲ್ಲುವ ಗಡ್ಡದ ನಾವಿಕ ಎರಡು ದಿನ ಬೇಡ ಬೇಡ ಅಂದ, ಮೂರನೇ ದಿನ ನಕ್ಕು ಸುಮ್ಮನಾದ.

ಇವತ್ತು ಅದೇ ಕುತ್ತಿಗೆಗೆ ಬಂದಿತ್ತು. ಹಲಗೆ ಪೂರ್ತಿ ಬೆಳ್ಳಗಿತ್ತು, ಹಡಗು ಹನ್ನೆರಡೂವರೆಗೆ ಕೊಲ್ಲಿ ಬಿಟ್ಟು ಹೊರಟಿತ್ತು. ಊಟಕ್ಕೆ ಕೂತಾಗ ನೋಡಿದರೆ ಅವಳ ತಮ್ಮ ಸ್ವಾಮಿ ಇಲ್ಲ. ಹಡಗು ನಿಲ್ಲಿಸಿ ಒಂದು ಗಂಟೆ ಮೂಲೆಮೂಲೆ ಹುಡುಕಿದರೂ ಇಲ್ಲ.

“ನಾನ್ ಐದೇ ತಿರುಗ್ಸಿದ್ದು,” ಅಂದಳು ಚಲುವಮ್ಮ. “ಸ್ವಾಮೀದು ನಾನ್ ಮುಟ್ನಿಲ್ಲ ಕಣ್ ಮಗಾ.”

“ಐದೇ ಅಂತ ಹೆಂಗ್ ಹೇಳ್ತೀಯವ್ವ? ನೆನಪದಾ?”

ಚಲುವಮ್ಮ ಕೋಟಿನ ಎಡ ಜೇಬಿಗೆ ಕೈ ಹಾಕಿ ಒಂದು ಹುಣಸೆ ಬೀಜ ತೆಗೆದಳು. ಬಲ ಜೇಬಿನಿಂದ ಐದು ತೆಗೆದಳು. ಎರಡು ಅಂಗೈಯನ್ನೂ ಮಗಳ ಮುಂದೆ ಹಿಡಿದಳು.

ನಯನಳಿಗೆ ವಿವರಿಸಬೇಕಾಗಿರಲಿಲ್ಲ. ಬಂಡೂರಿನ ಮನೆಯಲ್ಲಿ ಸಂಜೆ ಕುರಿ ಒಳಗೆ ಬರುವಾಗ ಅವ್ವ ದೊಡ್ಡಿಯ ಬಾಗಿಲಲ್ಲಿ ನಿಂತು, ಒಂದು ಕುರಿ ದಾಟಿದರೆ ಒಂದು ಹುಣಸೆ ಬೀಜ ಎಡಮಡಿಲಿನಿಂದ ಬಲಮಡಿಲಿಗೆ ಹಾಕುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಅಜ್ಜಿ ದೇವಿರಮ್ಮ ಕಲಿಸಿದ ಕಸುಬು ಅದು. ಇಲ್ಲಿ ಕುರಿ ಬದಲು ಮನೆಯವರು, ಅಷ್ಟೆ. ಮುಖ ಕಣ್ಣಿಗೆ ಬಿದ್ದ ಮೇಲೇ ಬೀಜ ಜೇಬು ಬದಲಿಸುತ್ತೆ, ಆಮೇಲೆ ಬಿಲ್ಲೆ.

“ಇದನ್ನ ಅವರಿಗೆ ಏನಂತ ಹೇಳ್ಲವ್ವ?” ಅಂದಳು ನಯನ. ಅಳು ಬರುವಂತಿತ್ತು ಅವಳಿಗೆ.

ಅಷ್ಟರಲ್ಲಿ ತಿಮ್ಮಯ್ಯನ ಕೈ ಹಿಂದಿನಿಂದ ಹೆಂಡತಿಯ ಹೆಗಲ ಮೇಲೆ ಬಂತು. “ಬುಡು ಚಲುವಿ. ನಿಂಗೆ ತಲೆ ತಿರುಗ್ತಿತ್ತು. ಯಾವ್ದು ತಿರುಗ್ಸ್ದೆ, ಯಾವ್ದು ಬುಟ್ಟೆ ಅಂತ ಗ್ಯಾನ ಎಲ್ಲಿರ್ತದೆ? ಯಾರೂ ನಿನ್ನ ಬಯ್ಯಕಿಲ್ಲ.”

ಬಯ್ದಿದ್ದರೆ ವಾಸಿಯಿತ್ತು. ಗಂಡ ಅಷ್ಟು ಮೆತ್ತಗೆ ಹೇಳಿದ್ದಕ್ಕೆ ಅವಳಿಗೆ ತನ್ನ ಮೇಲೇ ಅನುಮಾನ ಬಂತು. ನಿಜವಾಗಿ ಐದೇನಾ? ಇಲ್ಲಾ ಅಭ್ಯಾಸಬಲಕ್ಕೆ ಆರನೆಯದೂ ತಿರುಗಿಹೋಯಿತಾ? ಒಡಹುಟ್ಟಿದವನನ್ನು ಕಂಡು ಕೇಳರಿಯದ ದಡದಲ್ಲಿ ಬಿಟ್ಟು ಬಂದವಳು ತಾನೇನಾ? ಅಯ್ಯೋ ಶಿವನೇ, ಹಾಗಾಗದೆ ಇರಲಪ್ಪ ಅಂತ ಮನಸ್ಸಿನಲ್ಲೇ ಕೈಮುಗಿದಳು.

ಅಷ್ಟು ಹೊತ್ತಿಗೆ ಗಡ್ಡದವನು ಒಳಗೆ ಬಂದ. ಕೈಯಲ್ಲಿ ಒಂದು ಜೊತೆ ರಬ್ಬರು ಬೂಟು.

ದಡಕ್ಕೆ ಇಳಿಯುವವರಿಗೆ ಹಡಗಿನವರೇ ಕೆಂಪು ಕೋಟು, ಮೊಣಕಾಲುದ್ದದ ಬೂಟು ಕೊಡುತ್ತಾರೆ. ಕೋಟು ಎಲ್ಲರದೂ ಒಂದೇ ಥರ. ಬೂಟಿನ ಹಿಮ್ಮಡಿಯ ಮೇಲೆ ಮಾತ್ರ ಬಿಳಿ ಬಣ್ಣದಲ್ಲಿ ದಪ್ಪಗೆ ನಂಬರು ಬರೆದಿರುತ್ತೆ. ವಾಪಸು ಬಂದವರು ಬಿಚ್ಚಿ ರಾಶಿ ಹಾಕಿದ್ದನ್ನು ಗಡ್ಡದವನು ತೊಳೆದು, ನಂಬರು ನೋಡಿ, ಅದರದರ ಗೂಡಿಗೆ ಸೇರಿಸುತ್ತಾನೆ.

ಅವನು ತಂದ ಬೂಟಿನ ಮೇಲೆ ಮೂವತ್ನಾಲ್ಕು ಅಂತ ಇತ್ತು. ತೊಳೆದ ನೀರು ಇನ್ನೂ ಆರಿರಲಿಲ್ಲ.

ಕ್ಯಾಪ್ಟನ್ನು ಅದನ್ನು ನೋಡಿ ಟೋಪಿ ತೆಗೆದ. ಮಾತು ನಿಧಾನ ಮಾಡಿದ. ನಯನ ಒಂದೊಂದೇ ವಾಕ್ಯ ಹೇಳುತ್ತ ಹೋದಳು, ಹೇಳುತ್ತ ಹೇಳುತ್ತ ಅವಳ ತುಟಿ ಬೆಳ್ಳಗಾಯಿತು.

“ಸ್ವಾಮಿ ಮಾವ ಹಡಗಿಗೆ ಬಂದವ್ರೆ ಅಂತೆ. ಬೂಟು ಬಂದದಲ್ಲ. ಬಂದ್ಮೇಲೆ… ಆಮೇಲೆ ನೀರಿಗೆ ಬಿದ್ದಿರ್ಬೇಕು ಅಂತಾರೆ. ಇಲ್ಲಿ ನೀರು ಬಡಗಲಿಗೆ ಎಳೀತದಂತೆ, ಹಡಗನ್ನ ಆ ಕಡೆ ತಿರುಗ್ಸಿ ಸಮುದ್ರ ಹುಡುಕ್ತೀವಿ ಅಂತಾರೆ.”

“ಮತ್ತೆ ಆ ದಡ? ಅಲ್ಲಿ ನೋಡಾಕಿಲ್ವಾ?”

“ದಡ ಒಂದೂವರೆ ಗಂಟೆ ದೂರ ಹಿಂದೆ ಉಳೀತು ಅವ್ವ. ಆರು ಗಂಟೆಗೆ ಗಾಳಿ ಏಳ್ತದಂತೆ, ಆಮೇಲೆ ಅಲ್ಲಿಗೆ ದೋಣಿ ಬಿಡಕ್ಕಾಗಲ್ಲ. ಎರಡೂ ಕಡೆ ಹುಡುಕೋಕೆ ಹೊತ್ತಿಲ್ಲ.”

“ನೀರಲ್ಲಿ ಮನ್ಸ ಏಟೊತ್ತು ಇರ್ತಾನೆ?”

ನಯನ ಗಂಡನ ಕಡೆ ತಿರುಗಿದಳು. ಅಳಿಯ ವಂಶಿಯೇ ಹತ್ತಿರ ಬಂದು ಹೇಳಿದ. “ಅರ್ಧ ಗಂಟೆ ಅತ್ತೆ.”

ಹಡಗು ಹೊರಟು ಆಗಲೇ ಎರಡೂವರೆ ಗಂಟೆ ಆಗಿತ್ತು.

ತಿಮ್ಮಯ್ಯನೂ ವಂಶಿಯೂ ದುರ್ಬೀನು ಇಸಿದುಕೊಂಡು ಹಡಗಿನ ಮುಂಭಾಗಕ್ಕೆ ಓಡಿದರು. ಚಲುವಮ್ಮ ಅತ್ತ ಹೋಗಲಿಲ್ಲ. ಮೆಟ್ಟಿಲಿಳಿದು ಬೂಟಿನ ಗೂಡುಗಳಿದ್ದ ಕಿರುಕೋಣೆಗೆ ಬಂದಳು. ತಮ್ಮನ ಹೆಣ ತೇಲುವುದನ್ನು ಕಾಯುತ್ತ ನಿಲ್ಲುವ ಶಕ್ತಿ ಅವಳಿಗಿರಲಿಲ್ಲ.

ಮೊನ್ನೆ ಸ್ವಾಮಿ ಹಡಗಿನ ಅಂಚಿನ ಕಟಕಟೆಗೆ ಒರಗಿ ಹೇಳಿದ ಮಾತು ಕಿವಿಯಲ್ಲೇ ಇತ್ತು. ನಾಲ್ಕು ತಿಂಗಳ ಹಿಂದೆ ಮದ್ದೂರು-ಮಳವಳ್ಳಿ ರಸ್ತೆಯಲ್ಲಿ ಅವರ ಮನೆಯ ಕುರಿ ಕಾಯುವ ಮಾದಯ್ಯನಿಗೆ ಗುದ್ದಿ ಸಾಯಿಸಿ, ನಿಲ್ಲಿಸದೆ ಹೋಯಿತಲ್ಲ ಒಂದು ಕಾರು, ಅದರ ಮಾತು.

“ಆ ಕಾರು ಯಾರ್ದು ಅಂತ ಗೊತ್ತಾಯ್ತು ಕಣಕ್ಕ. ಒಡೆದಿದ್ದ ಲೈಟಿನ ಚೂರು ನನ್ ತಾವ್ಲೇ ಅದೆ. ಊರಿಗೋದೇಟ್ಗೆ ಸ್ಟೇಸನ್ನಿಗೋಗಿ ಏಳ್ಬುಡ್ತೀನಿ.”

“ಯಾರ್ದ್ಲಾ?”

“ಇಲ್ಲಿ ಬ್ಯಾಡ ಬುಡಕ್ಕ.”

ಇಲ್ಲಿ ಬೇಡ ಅಂದರೆ ಏನರ್ಥ? ಆವಾಗ ಹೊಳೆದಿರಲಿಲ್ಲ. ಈಗ ಹೊಳೆಯಿತು. ಕೇಳಬಾರದವನು ಈ ಹಡಗಿನಲ್ಲೇ ಇದ್ದಾನೆ. ಅರವತ್ತು ಜನರಲ್ಲಿ ಮಾದಯ್ಯ ಯಾರು ಅಂತ ಗೊತ್ತಿರುವವರು ತಮ್ಮ ಮನೆಯವರು ಮಾತ್ರ.

ಗಡ್ಡದವನು ಮೂವತ್ನಾಲ್ಕರ ಬೂಟನ್ನು ವಾಪಸು ಗೂಡಿಗೆ ಇಟ್ಟಿದ್ದ. ಚಲುವಮ್ಮ ಎಡಗಾಲಿನದನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಆಮೇಲೆ ಯಾಕೋ ಒಳಗೆ ಕೈ ಹಾಕಿದಳು.

ಕೈ ಬೂಟಿನ ತುದಿಯವರೆಗೂ ಸಲೀಸಾಗಿ ಹೋಯಿತು.

ಅವಳು ಕೈ ತೆಗೆದು ಮತ್ತೆ ಹಾಕಿದಳು. ಖಾಲಿ. ಏನೇನೂ ಇಲ್ಲ.

ಸ್ವಾಮಿ ಆರು ವರ್ಷದವನಿದ್ದಾಗ ಕಬ್ಬಿನ ಗಾಡಿಯ ಚಕ್ರ ಹತ್ತಿ ಎಡಗಾಲಿನ ಹೆಬ್ಬೆರಳು, ಅದರ ಪಕ್ಕದ ಬೆರಳು ಎರಡೂ ಹೋಗಿದ್ದವು. ಮೊದಲ ದಿನ ಈ ಬೂಟು ಹಾಕಿಕೊಂಡು ಎರಡು ಹೆಜ್ಜೆಗೇ ಮುಗ್ಗರಿಸಿದ್ದ. ಚಲುವಮ್ಮ ತಾನು ಊರಿನಿಂದ ತಂದಿದ್ದ ಕರೀ ಕಂಬಳಿಯ ಅಂಚು ಕತ್ತರಿಸಿ, ಸುತ್ತಿ, ದಾರ ಬಿಗಿದು, ಬೂಟಿನ ತುದಿಗೆ ಗಿಡಿದು ಕೊಟ್ಟಿದ್ದಳು. ನಯನ ನಕ್ಕಿದ್ದಳು ಆಗ. ಆ ಉಂಡೆ ಇಲ್ಲದೆ ಸ್ವಾಮಿ ಈ ಬೂಟಿನಲ್ಲಿ ದೋಣಿಯವರೆಗೂ ನಡೆಯಲಾರ.

ಐದು ಬೆರಳಿರುವವನಿಗೆ ಆ ಉಂಡೆ ಇದ್ದರೆ ಕಾಲೇ ತೂರುವುದಿಲ್ಲ. ಅದಕ್ಕೇ ಕಿತ್ತು ತೆಗೆದಿದ್ದಾನೆ.

ಈ ಬೂಟು ಹಡಗಿಗೆ ಬಂದಿದೆ. ಸ್ವಾಮಿ ಬಂದಿಲ್ಲ. ಇದನ್ನು ಹಾಕಿಕೊಂಡು ಬಂದವನು ಬೇರೆಯವನು! ಬಂದವನು ಸ್ವಾಮಿಯ ಬಿಲ್ಲೆಯನ್ನೂ ಬಿಳಿ ಮಾಡಿದ್ದಾನೆ. ಯಾರು ಕೇಳಿದರೂ ತಪ್ಪು ಚಲುವಮ್ಮನ ತಲೆಗೇ ಬರುತ್ತೆ ಅಂತ ಅವನಿಗೆ ಚೆನ್ನಾಗಿ ಗೊತ್ತು.

ಅವಳು ಗೂಡಿನ ಮರ ಹಿಡಿದು ನಿಂತಳು. ತಮ್ಮ ದಡದಲ್ಲಿದ್ದಾನೆ. ಕೊರೆಯುವ ಗಾಳಿಯಲ್ಲಿ, ಬರಿಗಾಲಿನಲ್ಲಿ ಇದ್ದಾನೋ ಏನೋ. ಹಡಗು ಅವನಿಗೆ ಬೆನ್ನು ಮಾಡಿ ಹೋಗುತ್ತಿದೆ.

ಕೊನೆಯ ದೋಣಿಯಲ್ಲಿ ಬಂದವರು ಬೀಗರು. ವಂಶಿಯ ಅಪ್ಪ ಸಂಪತ್ ಕುಮಾರ. “ಸ್ವಾಮಿ ಮುಂಚಿನ ದೋಣಿಯಲ್ಲೇ ಬಂದನಲ್ಲ” ಅಂದವರೂ ಅವರೇ. ಆ ಮಾತು ನಂಬಿಯೇ ಅವಳು ಮುಖ ನೋಡದೆ, ಎಡ ಜೇಬಿನಲ್ಲಿ ಒಂದು ಬೀಜ ಉಳಿದಿದ್ದರೂ, ಅವನ ಬಿಲ್ಲೆ ಅವನೇ ತಿರುಗಿಸಲಿ ಅಂತ ಹೋಗಿ ಮಲಗಿದ್ದು.

ಸಂಪತ್ ಕುಮಾರ ಹಡಗಿನ ಹಿಂಭಾಗದ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಮಂಡ್ಯದ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಗುತ್ತಲಿನ ಮನೆಯಲ್ಲಿ ಮಂಡಿನೋವಿನಿಂದ ಉಳಿದ ಹೆಂಡತಿ ತಿರುಮಲಮ್ಮನಿಗೆ ದಿನಾ ಬೆಳಿಗ್ಗೆ ಫೋನು ಮಾಡಿ, ಸಂಧ್ಯಾವಂದನೆ ತಪ್ಪಿಸದೆ, ಯಾರಿಗೂ ಗಟ್ಟಿಯಾಗಿ ಮಾತಾಡದೆ ಇದ್ದವರು. ಅಂಥವರನ್ನು ಕೇಳುವುದು ಹೇಗೆ? ಆದರೆ ಕೇಳದೆ ಗತಿಯಿರಲಿಲ್ಲ.

“ಬೀಗರೇ, ಒಂದ್ ಮಾತು. ನಿಮ್ ದೇವ್ರಾಣೆಗೂ ನಿಜ ಏಳಿ. ನನ್ ತಮ್ಮನ್ನ ಏನ್ ಮಾಡಿದ್ರಿ?”

ಅವರು ಗಾಬರಿಯಿಂದ ಎದ್ದರು. “ಚಲುವಮ್ಮನವರೇ, ಏನಿದು ಮಾತು?”

“ಅವ್ನು ಅಡಗಿಗೇ ಬಂದಿಲ್ಲ. ಈ ಬೂಟ್ನ ಇನ್ಯಾರೋ ಆಕ್ಕಂಡ್ ಬಂದವ್ರೆ. ಕಡೇ ದೋಣೀಲಿ ಬಂದೋರು ನೀವು. ಅವ್ನು ಮುಂಚೇನೇ ಬಂದ ಅಂತ ಸುಳ್ಳೇಳ್ದೋರೂ ನೀವು!”

“ಸುಳ್ಳಲ್ಲ.” ಅವರ ದನಿ ಒಡೆಯಿತು. “ಕಣ್ಣಾರೆ ನೋಡಿದ್ದು. ಎರಡನೇ ದೋಣಿ ಹತ್ತುತ್ತಿದ್ದನಲ್ಲ, ಹಿಂದಿನಿಂದ ನೋಡಿದೆ. ಕೋಟಿನ ಟೋಪಿ ತಲೆ ಮೇಲೆ ಎಳೆದುಕೊಂಡಿದ್ದ, ಮುಖ ಕಾಣಲಿಲ್ಲ. ಹಿಮ್ಮಡಿ ಮೇಲೆ ಮೂವತ್ನಾಲ್ಕು ಅಂತಿತ್ತು. ಓ, ಸ್ವಾಮಿ ಹೊರಟ ಅಂದುಕೊಂಡೆ.”

“ಎರಡನೇ ದೋಣಿ?”

“ಎರಡನೆಯದೇ.”

ಎರಡನೇ ದೋಣಿ ಬಂದಾಗ ಹಲಗೆಯ ಮುಂದೆ ನಿಂತಿದ್ದವಳು ಚಲುವಮ್ಮನೇ. ಅದರಿಂದ ಇಳಿದ ಮನೆಯವರು ಒಬ್ಬರೇ. ಒಂದು ಬೀಜ, ಒಂದು ಬಿಲ್ಲೆ. ಯಾರ ಮುಖ ನೋಡಿ ಆ ಬೀಜ ಜೇಬು ಬದಲಿಸಿತು ಅಂತ ಅವಳಿಗೆ ನೆನಪಿತ್ತು. ನೆನಪೇ ಇಲ್ಲದಂತೆ ತಲೆ ಕೊಡವಿದಳು.

“ಇನ್ನೊಂದು ವಿಷಯ ಇದೆ,” ಅಂದರು ಸಂಪತ್ ಕುಮಾರ. ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿದರು, ಮತ್ತೆ ಒರೆಸಿದರು. “ಹೇಳಬಾರದು ಅಂತಿದ್ದೆ. ಸಂಸಾರ ಒಡೆಯೋ ಮಾತು. ಇವತ್ತು ಬೆಳಿಗ್ಗೆ ದಡದಲ್ಲಿ ಸ್ವಾಮಿ ನನ್ನ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದ.”

“ಏನಂತ?”

“ಸಾರ್, ನೀವು ಕೋರ್ಟಲ್ಲಿದ್ದೋರು, ಸಾಕ್ಷಿ ಹೇಳಬೇಕಾಗಿರೋದು ಸ್ವಂತ ಅಕ್ಕನ ಮನೆಯವರ ಮೇಲಾದ್ರೆ, ಹೇಳದೆ ಇರಬಹುದಾ ಅಂತ.”

ಚಲುವಮ್ಮ ಬೆಂಚಿನ ಮೇಲೆ ಕೂತಳು.

“ನೀವೇನಂದ್ರಿ?”

“ಹೇಳಲೇಬೇಕಪ್ಪಾ ಅಂದೆ. ಹಾಗಾದ್ರೆ ಈಗ್ಲೇ ಭಾವನ ಹತ್ರ ಒಂದ್ಮಾತು ಆಡಿಬಿಡ್ತೀನಿ, ಅವರೇ ಒಪ್ಪಿಕೊಂಡ್ರೆ ಒಳ್ಳೇದು ಅಂತ ಗುಡ್ಡದ ಕಡೆ ಹೋದ. ನಾನು ತಡೆಯಲಿಲ್ಲ.” ಮುದುಕರ ಕಣ್ಣಲ್ಲಿ ನೀರು ನಿಂತಿತ್ತು. “ತಡೀಬೇಕಾಗಿತ್ತು.”

ಅವಳು ಅಲ್ಲಿಂದ ಹೇಗೆ ಎದ್ದಳೋ, ಮೆಟ್ಟಿಲು ಹೇಗೆ ಇಳಿದಳೋ. ಮತ್ತೆ ಬೂಟಿನ ಕೋಣೆಗೇ ಬಂದಳು. ಅವಳಿಗೆ ಇಂಗ್ಲಿಷು ಬರದಿದ್ದರೂ ಅಂಕಿ ಬರುತ್ತಿತ್ತು. ಮೂವತ್ತೆರಡು ತನ್ನದು, ಇದೆ. ಮೂವತ್ಮೂರು ನಯನಂದು, ಇದೆ. ಮೂವತ್ತೈದು ವಂಶೀದು, ಇದೆ. ಮೂವತ್ತಾರು ಬೀಗರದು, ಇದೆ.

ಮೂವತ್ತೊಂದರ ಗೂಡು ಖಾಲಿ.

ಮೂವತ್ತೊಂದು ತಿಮ್ಮಯ್ಯನದು.

ಮಾದಯ್ಯ ಸತ್ತ ವಾರ ಗಂಡ ಮದ್ದೂರಿನಲ್ಲಿ ಕಾರಿನ ಮುಂದಿನ ಲೈಟು ಬದಲಾಯಿಸಿಕೊಂಡು ಬಂದಿದ್ದ. “ಕುರಿ ಅಡ್ಡ ಬಂತು” ಅಂದಿದ್ದ. ಯಾರ ಕುರಿ ಅಂದದ್ದಕ್ಕೆ “ಯಾರ್ದೋ” ಅಂದಿದ್ದ. ಸುತ್ತಮುತ್ತ ಯಾರ ಮನೆಯ ಕುರಿ ಕುಂಟಿದರೂ ಮೊದಲು ಸುದ್ದಿ ಬರುವುದು ಚಲುವಮ್ಮನಿಗೆ. ಆ ವಾರ ಯಾರ ಮನೆಯಲ್ಲೂ ಕುರಿ ಸತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಎರಡನೇ ಮಾತು ಕೇಳಿರಲಿಲ್ಲ. ಮಾದಯ್ಯನ ತಿಥಿಗೆ ಆತನೇ ಮುಂದೆ ನಿಂತು ಬಡಿಸಿದಾಗ ಎಂಥ ಮನುಷ್ಯ ನನ್ನ ಗಂಡ ಅಂತ ಹೆಮ್ಮೆಪಟ್ಟಿದ್ದಳು.

ಮೂವತ್ತೈದು ವರ್ಷ ಬಾಳಿದ ಗಂಡಸು. ಅವಳಿಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಅಳಲು ಹೊತ್ತಿರಲಿಲ್ಲ.

ನೆಟ್ಟಗೆ ಏಣಿಯ ಪಕ್ಕದ ಹಲಗೆಯ ಹತ್ತಿರ ಹೋದಳು. ಮೂವತ್ನಾಲ್ಕನೇ ಬಿಲ್ಲೆ ಹಿಡಿದು ಕೆಂಪು ಮುಖ ಮೇಲೆ ಮಾಡಿದಳು. ಗಡ್ಡದವನು ನೋಡಿದ. ಅವಳು ಬಿಲ್ಲೆ ತೋರಿಸಿದಳು, ದಡದ ದಿಕ್ಕಿಗೆ ಕೈ ತೋರಿಸಿದಳು, ಬೂಟು ಎತ್ತಿ ಒಳಗೆ ಕೈ ಹಾಕಿ ಬೆರಳಾಡಿಸಿದಳು. ಅವನಿಗೆ ಅರ್ಥವಾಯಿತೋ ಇಲ್ಲವೋ, ಆ ಮುಖ ನೋಡಿ ಹೆದರಿ ಕ್ಯಾಪ್ಟನ್ನಿನ ಹತ್ತಿರ ಓಡಿದ.

ನಯನ ಬಂದಳು. ಚಲುವಮ್ಮ ಕಂಬಳಿ ಉಂಡೆಯ ಕಥೆ ಹೇಳಿದಳು, ಬೆರಳಿಲ್ಲದ ಕಾಲಿನ ಕಥೆ ಹೇಳಿದಳು. ನಯನ ಕುರಿ ಡಾಕ್ಟರು. ಈ ದ್ವೀಪ ಅವರಿಗೆಲ್ಲ ಗೊತ್ತಾದದ್ದೇ ಅವಳು ಇಲ್ಲಿಯ ಕುರಿ ಸಾಕಣೆಯವರ ಸಭೆಗೆ ಬಂದದ್ದರಿಂದ. ಅವ್ವನ ಮಾತು ಹಿಡಿದು ಕ್ಯಾಪ್ಟನ್ನಿಗೆ ಚುರುಕಾಗಿ ಬಿಡಿಸಿ ಹೇಳಿದಳು. ಕ್ಯಾಪ್ಟನ್ನು ತಾನೇ ಬೂಟಿನೊಳಗೆ ಕೈ ಹಾಕಿ ನೋಡಿದ. ಮರುಕ್ಷಣ ಗೋಡೆಯ ಫೋನು ಎತ್ತಿ ಏನೋ ಕೂಗಿದ. ನೆಲ ವಾಲಿತು. ಹಡಗು ತಿರುಗುತ್ತಿತ್ತು.

“ಅವ್ವ, ಇನ್ನೊಂದು ಕೇಳ್ತಾವ್ರೆ. ಹಂಗಾದ್ರೆ ಈ ಬೂಟು ಹಾಕ್ಕೊಂಡು ಬಂದಿದ್ದು ಯಾರು?”

ಚಲುವಮ್ಮ ತಲೆಯೆತ್ತಿದಳು. ಹಡಗು ಯಾಕೆ ತಿರುಗಿತು ಅಂತ ನೋಡಲು ಮುಂಭಾಗದಿಂದ ತಿಮ್ಮಯ್ಯ ಬಂದು ಬಾಗಿಲಲ್ಲಿ ನಿಂತಿದ್ದ. ಮಗಳ ಬೆನ್ನ ಹಿಂದೆ. ನಯನಳ ಮುಖ ಪುಟ್ಟ ಮಗುವಿನದಾಗಿತ್ತು ಆ ಹೊತ್ತಿನಲ್ಲಿ. ನಿಮ್ಮಪ್ಪ ಅಂತ ಹೇಳುವುದು ಹೇಗೆ?

“ಗೊತ್ತಿಲ್ಲ ಮಗಾ,” ಅಂದಳು.

ಅದು ಅವಳು ಆಡಬಾರದಿದ್ದ ಮಾತು.

ಐದು ಗಂಟೆಗೆ ಕೊಲ್ಲಿ ಕಂಡಿತು. ಕಪ್ಪು ಮರಳು, ಪಾಳುಬಿದ್ದ ಒಂದು ಮನೆ, ಅದರ ಹಿಂದೆ ಗುಡ್ಡ. ಬೆಳಿಗ್ಗೆ ಮನೆಯ ಸುತ್ತ ಮೇಯುತ್ತಿದ್ದ ಕುರಿಗಳೆಲ್ಲ ಈಗ ಗುಡ್ಡದ ನೆತ್ತಿಗೆ ಹತ್ತಿ ಗುಂಪುಗಟ್ಟಿ ನಿಂತಿದ್ದವು. ಕುರಿ ಹಾಗೆ ನಿಲ್ಲುವುದು ಕೆಳಗೆ ಹೆದರಿಸುವಂಥದ್ದು ಏನಾದರೂ ಇದ್ದರೆ. ಮಂಜು ನೀರಿನ ಮೇಲೆ ಇಳಿಯತೊಡಗಿತ್ತು.

ಇಬ್ಬರು ನಾವಿಕರು ಹೋಗುತ್ತಾರೆ, ಜೊತೆಗೆ ಅವನ ಭಾಷೆಯಲ್ಲಿ ಕೂಗಿ ಕರೆಯಲು ಮನೆಯವರೊಬ್ಬರು ಬೇಕು ಅಂದ ಕ್ಯಾಪ್ಟನ್ನು. ವಂಶಿ ಮುಂದೆ ಬಂದ.

“ನೀವ್ ಇರಿ ಅಳಿಯಂದ್ರೆ,” ಅಂದ ತಿಮ್ಮಯ್ಯ. “ನನ್ ಬಾಮೈದ. ನಾನೋಯ್ತೀನಿ.”

ವಂಶಿ ಅವನ ಕೈ ಹಿಡಿದು ಕುಲುಕಿದ. ನಯನ ಅಪ್ಪನ ತೋಳಿಗೆ ತಲೆಯಾನಿಸಿ ಅತ್ತಳು. ಚಲುವಮ್ಮ ಬಾಯಿ ತೆರೆದಳು. ಗೊತ್ತಿಲ್ಲ ಅಂದ ನಾಲಿಗೆ ಎರಡನೇ ಸಲ ಹೊರಳಲಿಲ್ಲ.

ಗಡ್ಡದವನು ಮೂವತ್ತೊಂದರ ಗೂಡಿಗೆ ಕೈ ಹಾಕಿದ. ಖಾಲಿ ನೋಡಿ ಹುಬ್ಬು ಗಂಟಿಕ್ಕಿದ. ತಿಮ್ಮಯ್ಯ ಅವನನ್ನು ಕಾಯಲಿಲ್ಲ. ಪಕ್ಕದಲ್ಲಿದ್ದ ಮೂವತ್ನಾಲ್ಕರ ಜೊತೆಯನ್ನೇ ಎಳೆದುಕೊಂಡು ಕೂತ. ಬಲಗಾಲು ತೂರಿಸಿದ. ಎಡಗಾಲು ತೂರಿಸಿದ. ಎರಡೂ ಒಂದೇ ಸಲಕ್ಕೆ, ತಡೆಯಿಲ್ಲದೆ ಹೋದವು.

“ಯಾವ್ದಾದ್ರೇನು, ಒತ್ತಾಯ್ತದೆ ನಡೀರಿ,” ಅಂದ.

ಸಂಪತ್ ಕುಮಾರ ಆ ಕಾಲು ನೋಡಿದರು. ಆಮೇಲೆ ಚಲುವಮ್ಮನನ್ನು ನೋಡಿದರು.

“ನಾನೂ ಬತ್ತೀನಿ,” ಅಂದಳು ಚಲುವಮ್ಮ.

“ಅವ್ವ, ನಿಂಗೆ ದೋಣೀಲಿ ತಲೆ ತಿರುಗ್ತದೆ!”

“ತಿರುಗ್ಲಿ ಬುಡು. ಅವ್ನು ನನ್ ದನಿಗೇ ಓ ಅನ್ನೋದು.”

ತನ್ನ ಬಿಲ್ಲೆ ಕೆಂಪು ಮಾಡಿದಳು. ಗಂಡನದನ್ನೂ ಕೆಂಪು ಮಾಡಿದಳು. ಬಲ ಜೇಬಿನಲ್ಲಿದ್ದ ಐದು ಬೀಜ ತೆಗೆದು, ಅವುಗಳಲ್ಲಿ ಮೂರನ್ನು ಸಂಪತ್ ಕುಮಾರರ ಅಂಗೈಗೆ ಸುರಿದಳು.

“ಬೀಗರೇ, ಇವು ನೀವು ಮೂರ್ ಜನ. ಉಳಿದ ಮೂರು ನನ್ ತಾವ ಅವೆ. ಮುಖ ನೋಡ್ದೆ ನಮ್ ಬಿಲ್ಲೆ ಯಾರೂ ಮುಟ್ಟಬಾರ್ದು. ಯಾರ್ ಬಂದು ಏನೇಳುದ್ರೂ ಮುಟ್ಟಬಾರ್ದು.”

“ಮುಟ್ಟಲ್ಲ,” ಅಂದರು ಅವರು. ಮುಷ್ಟಿ ಬಿಗಿ ಹಿಡಿದರು. “ಚಲುವಮ್ಮನವರೇ, ನಾನು ಈಗಲೇ ಹೇಳಿಬಿಡಲಾ?”

“ಕೂಸಿನ ಮುಂದೆ ಬ್ಯಾಡ. ನಾನ್ ಓದ್ಮೇಲೆ, ಕ್ಯಾಪ್ಟನ್‌ಗೆ ಏಳಿ.”

ಏಣಿಯ ಬುಡದಲ್ಲಿ ರಬ್ಬರು ದೋಣಿ ಮೇಲಕ್ಕೂ ಕೆಳಕ್ಕೂ ಏಳುತ್ತ ಬೀಳುತ್ತ ಇತ್ತು. ತಿಮ್ಮಯ್ಯ ಆಗಲೇ ಅದರಲ್ಲಿ ನಿಂತು ಮೇಲೆ ಕೈ ಚಾಚಿದ್ದ. ಆ ಕೈ ಹಿಡಿಯದೆ ಇಳಿಯಲು ಬೇರೆ ದಾರಿಯಿರಲಿಲ್ಲ. ಮೂವತ್ತೈದು ವರ್ಷದಿಂದ ಜಾತ್ರೆ, ಬಸ್ಸು, ಆಸ್ಪತ್ರೆ ಎಲ್ಲೆಂದರಲ್ಲಿ ಹಿಡಿದ ಕೈ. ಚಲುವಮ್ಮ ಹಿಡಿದಳು.

ಅವನ ಅಂಗೈಯೊಳಗೆ ಏನೋ ಇತ್ತು. ಒರಟಾಗಿ, ಒದ್ದೆಯಾಗಿ. ಅವಳನ್ನು ಕೂರಿಸಿ ಕೈ ಬಿಡುವಾಗ ಅದನ್ನು ಅವಳ ಅಂಗೈಗೇ ಒತ್ತಿ ಬಿಟ್ಟ.

ದಾರ ಬಿಗಿದ ಕರೀ ಕಂಬಳಿಯ ಉಂಡೆ.

ಎಂಜಿನ್ನು ಗುಡುಗಿತು. ಇಬ್ಬರು ನಾವಿಕರೂ ದಡದ ಕಡೆ ಮುಖ ಮಾಡಿದ್ದರು. ಆ ದೋಣಿಯಲ್ಲಿ ಕನ್ನಡ ಬರುವವರು ಇವರಿಬ್ಬರೇ. ಅಷ್ಟು ದೂರದಲ್ಲಿ, ಪಾಳುಮನೆಯ ಗೋಡೆಯ ಬುಡದಲ್ಲಿ, ಒಂದು ಕೆಂಪು ಕೋಟು ಕಂಡಿತು. ಅಲುಗಾಡಲಿಲ್ಲ.

“ಸ್ವಾಮೀ!” ಅಂತ ಚಲುವಮ್ಮ ಕೂಗಿದಳು. “ಲೋ ಸ್ವಾಮೀ!”

ಕೆಂಪು ಕೋಟಿನ ಒಂದು ತೋಳು ನಿಧಾನಕ್ಕೆ ಮೇಲೆದ್ದಿತು. ಬದುಕಿದ್ದಾನೆ! ಅವಳು ಎಡ ಜೇಬಿನ ಬೀಜವನ್ನು ಹಿಡಿದುಕೊಂಡಳು.

ತಿಮ್ಮಯ್ಯನೂ ಆ ತೋಳು ನೋಡಿದ. ಅವಳ ಪಕ್ಕಕ್ಕೆ ಸರಿದು, ಚಳಿಗೆ ಹೊದೆಸುವವನಂತೆ ಅವಳ ಕೋಟಿನ ಟೋಪಿಯನ್ನು ತಲೆಯ ಮೇಲೆ ಎಳೆದು ಸರಿಮಾಡಿದ. ಅವನ ಬಾಯಿ ಅವಳ ಕಿವಿಯ ಹತ್ತಿರ ಬಂತು. ದನಿ ಮಧ್ಯಾಹ್ನದಷ್ಟೇ ಮೆತ್ತಗಿತ್ತು.

“ಮಾದಯ್ಯನ ಇಸ್ಯ ಅವ್ನು ನಿಂಗೂ ಏಳವ್ನಾ, ಚಲುವಿ? ದಡ ಮುಟ್ಟಕ್ ಮುಂಚೆ ಏಳ್ಬುಡು. ನಿಮ್ಮಿಬ್ರನ್ನೂ ವಾಪಸ್ ಕರ್ಕಂಡ್ ಬರೋದಾ, ನಾನೊಬ್ನೇ ಬರೋದಾ ಅಂತ ನಂಗೆ ಗೊತ್ತಾಗ್ಬೇಕು.”